ಟೈಟ್ ಮಾಡಿಸಿದರೆ ಸಾಲದು, ಲೈನರ್ ತೆಗೆದು ನೋಡಿ

ಔರಾದದ ಯಾವ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಬ್ರೇಕ್ ಹತ್ತವಲ್ದು, ಸ್ವಲ್ಪ ಟೈಟ್ ಮಾಡ್ರಿ.’ ಮಿಸ್ತ್ರಿ ಹಿಂದಿನ ಗಾಲಿಯ ಹತ್ತಿರ ಕೂತು ಬ್ರೇಕ್ ಸಲಾಕೆಯ ತುದಿಯ ನಟ್ಟನ್ನು ಎರಡು ಸುತ್ತು ತಿರುಗಿಸುತ್ತಾನೆ. ಪೆಡಲ್ ಬಿಗಿಯಾಗುತ್ತದೆ, ಗಾಡಿ ಹೊರಡುತ್ತದೆ. ಮೂರು ವಾರಕ್ಕೆ ಅದೇ ಗಾಡಿ ಮತ್ತೆ ಅಲ್ಲಿಗೇ ಬರುತ್ತದೆ.

ಆ ನಟ್ಟು ಬ್ರೇಕಿಗೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಲೈನರ್ ಸವೆದು ಡ್ರಮ್ಮಿಗೂ ಅದಕ್ಕೂ ನಡುವೆ ಎಷ್ಟು ಸಂದು ಬಿದ್ದಿದೆಯೋ ಅಷ್ಟನ್ನು ಮುಚ್ಚುತ್ತದೆ, ಅಷ್ಟೇ. ಪೆಡಲ್ ಬಿಗಿ ಇದೆ ಎಂದರೆ ಬ್ರೇಕ್ ಚೆನ್ನಾಗಿದೆ ಎಂದು ನಾವು ತಿಳಿಯುತ್ತೇವೆ. ಒಳಗೆ ಲೈನರ್ ಕಾಗದದಷ್ಟು ತೆಳ್ಳಗಾಗಿದ್ದರೂ ಪೆಡಲ್ ಬಿಗಿಯಾಗಿರಬಲ್ಲದು. ಸುಗ್ಗಿ ಬರುವ ಮೊದಲೇ ಇದನ್ನು ಹೇಳಬೇಕಾಗಿದೆ. ಸೋಯಾ ರಾಶಿಯ ದಿನಗಳಲ್ಲಿ ಅರ್ಧ ರಸ್ತೆಗೆ ಕಾಳು, ಹೊಟ್ಟು ಹರಡಿರುತ್ತದೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಅದು ಮುಗಿಯುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ರಸ್ತೆಗೆ ಇಳಿಯುತ್ತವೆ. ಎಷ್ಟೋ ಟ್ರಾಲಿಗಳಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಕಣ್ಣು ಕಂಡು ಕಾಲು ಪೆಡಲ್ ಒತ್ತುವಷ್ಟರಲ್ಲಿ ಅಷ್ಟು ದೂರ ಹೋಗಿಯೇ ಬಿಟ್ಟಿತು. ಒಳ್ಳೆಯ ಬ್ರೇಕ್ ಇದ್ದು ರಸ್ತೆ ಒಣಗಿದ್ದರೂ ನಿಲ್ಲಲು ಇನ್ನೂ 25-30 ಮೀಟರ್ ಬೇಕು. ಲೈನರ್ ಸವೆದಿದ್ದರೆ ಎಷ್ಟು ಬೇಕಾದೀತೆಂದು ಯಾರೂ ಲೆಕ್ಕ ಹೇಳಲಾರರು.

ಎಷ್ಟು ಕಿ.ಮೀ. ಬರುತ್ತದೆ?

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಡಿಸ್ಕ್ ಬ್ರೇಕಿನಲ್ಲಿ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವುದು ಪ್ಯಾಡ್. ಡ್ರಮ್ ಬ್ರೇಕಿನಲ್ಲಿ ಒಳಗಿನಿಂದ ಅಗಲವಾಗಿ ಗಾಲಿಯ ಹಬ್ಬಿಗೆ ಒತ್ತುವುದು ಶೂ. ನಮ್ಮ ಕಡೆ ಎರಡಕ್ಕೂ ಲೈನರ್ ಎನ್ನುವುದು ರೂಢಿ. ಸ್ಪ್ಲೆಂಡರ್, ಎಚ್‌ಎಫ್ ಡಿಲಕ್ಸ್, ಪ್ಲಾಟಿನಾದಂಥ ಗಾಡಿಗಳಲ್ಲಿ ಹೆಚ್ಚಾಗಿ ಎರಡೂ ಗಾಲಿಗೆ ಡ್ರಮ್ಮೇ ಇರುತ್ತದೆ. ಪಲ್ಸರ್, ಅಪಾಚೆಗಳಲ್ಲಿ ಮುಂದೆ ಡಿಸ್ಕ್ ಇರುತ್ತದೆ, ಕೆಲವಕ್ಕೆ ಹಿಂದೆಯೂ.

ಸಾಮಾನ್ಯವಾಗಿ ಮುಂದಿನ ಡಿಸ್ಕ್ ಪ್ಯಾಡ್ 10ರಿಂದ 20 ಸಾವಿರ ಕಿ.ಮೀ., ಹಿಂದಿನ ಶೂ 15ರಿಂದ 25 ಸಾವಿರ ಕಿ.ಮೀ. ಬರುತ್ತವೆ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಸುಮಾರು ದುಪ್ಪಟ್ಟು ಅಂತರವಿರುವುದರಿಂದ ಮೀಟರ್ ಒಂದನ್ನೇ ನಂಬಿ ಕೂರುವುದು ಸರಿಯಲ್ಲ. ಔರಾದದಿಂದ ಬೀದರ್‌ಗೆ ದಿನಾ ನೌಕರಿಗೆ ಹೋಗಿಬರುವವರನ್ನು ತೆಗೆದುಕೊಳ್ಳಿ. ಒಂದು ಬದಿಗೆ ಸುಮಾರು 40 ಕಿ.ಮೀ., ತಿಂಗಳಿಗೆ 25 ದಿನ. ಅಂದರೆ 2,000 ಕಿ.ಮೀ., ವರ್ಷಕ್ಕೆ 24 ಸಾವಿರ. ಸಂತಪುರ, ಕೌಠಾ ದಾಟಿ ಸಾಗುವ ರಸ್ತೆಯಲ್ಲಿ ಅವರು ಬ್ರೇಕ್ ಹಿಡಿಯುವ ಸಂದರ್ಭ ಕಡಿಮೆ. ಮೀಟರ್ ಬೇಗ ಓಡಿದರೂ ಲೈನರ್ ನಿಧಾನ ಸವೆಯುತ್ತದೆ. ಭಾಲ್ಕಿಯ ಪೇಟೆಯೊಳಗೇ ದಿನಕ್ಕೆ 15 ಕಿ.ಮೀ. ಸುತ್ತುವ ಅಂಗಡಿ ಹುಡುಗನ ಗಾಡಿ ವರ್ಷಕ್ಕೆ ಐದು ಸಾವಿರ ದಾಟುವುದೂ ಕಷ್ಟ. ಆದರೆ ಆತ ಪ್ರತಿ ತಿರುವಿಗೆ, ಪ್ರತಿ ಆಟೋಕ್ಕೆ, ಅಡ್ಡ ಬಂದ ಪ್ರತಿ ಎಮ್ಮೆಗೆ ಬ್ರೇಕ್ ಹಿಡಿಯಬೇಕು.

ಇನ್ನು ಭಾರದ ವಿಷಯ. ಎರಡು ಬದಿಗೆ 40 ಲೀಟರಿನ ಹಾಲಿನ ಕ್ಯಾನು ತೂಗುಹಾಕಿಕೊಂಡ ಗಾಡಿ ಹಾಲೇ 80 ಕಿಲೋಗಿಂತ ಹೆಚ್ಚು ಹೊತ್ತಿರುತ್ತದೆ. ಯೂರಿಯಾ ಚೀಲ ಒಂದಕ್ಕೆ 45 ಕಿಲೋ. ಅಷ್ಟು ಭಾರವನ್ನು ನಿಲ್ಲಿಸುವ ಕೆಲಸವೆಲ್ಲ ಆ ನಾಲ್ಕು ಮಿಲಿಮೀಟರ್ ಲೈನರಿನದು. ವೇಗ ಇನ್ನೂ ಕಠಿಣ ಲೆಕ್ಕ ಕೇಳುತ್ತದೆ: 40ರಿಂದ 60ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟಾಗುತ್ತದೆ, ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಇದರ ಜೊತೆಗೆ ನಮ್ಮ ಕಡೆಯ ಒಂದು ಹಳೆಯ ಭಯವೂ ಇದೆ. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಜಾರಿ ಬೀಳುತ್ತದೆ ಎಂದು ಮಕ್ಕಳಿಗೆ ಗಾಡಿ ಕಲಿಸುವಾಗಲೇ ಹೇಳಿಬಿಡುತ್ತೇವೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಒಣ ರಸ್ತೆಯಲ್ಲಿ ನಿಲ್ಲಿಸುವ ಕೆಲಸದ ಬಹುಪಾಲನ್ನು ಮುಂದಿನ ಗಾಲಿಯೇ ಮಾಡಬಲ್ಲದು. ಮುಂದಿನದನ್ನು ಮುಟ್ಟದೆ ಹಿಂದಿನದನ್ನೇ ತುಳಿಯುವವರ ಶೂ ಬೇಗ ಸವೆಯುತ್ತದೆ, ಗಾಡಿ ದೂರ ಹೋಗಿ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಒಮ್ಮೆಲೇ ಹಿಂಡದೆ ಮೆಲ್ಲಗೆ ಬಿಗಿಸುತ್ತಾ ಹಿಡಿಯಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾದದ್ದಕ್ಕೆ ಇದೂ ಒಂದು ಕಾರಣ. ಸಿಬಿಎಸ್ ಇರುವ ಗಾಡಿಯಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ.

ಹಿಂದಿನ ಡ್ರಮ್: ಬಾಣದ ಗುರುತು ನೋಡಿ

ಇದಕ್ಕೆ ಪಾನಾ ಬೇಡ, ಮಿಸ್ತ್ರಿಯೂ ಬೇಡ. ಹಿಂದಿನ ಗಾಲಿಯ ಹತ್ತಿರ ಕೂತು, ಬ್ರೇಕ್ ಸಲಾಕೆ ಸೇರುವ ಚಿಕ್ಕ ಕೈಯನ್ನು ನೋಡಿ. ಅದರ ಬುಡದಲ್ಲಿ ಒಂದು ಚಿಕ್ಕ ಬಾಣ ಇರುತ್ತದೆ, ಪಕ್ಕದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಒಂದು ಗುರುತು ಕೊರೆದಿರುತ್ತದೆ. ಮಣ್ಣು ಮೆತ್ತಿದ್ದರೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ಯಾರಿಗಾದರೂ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಲು ಹೇಳಿ. ಒತ್ತಿದಾಗ ಬಾಣ ಆ ಗುರುತಿಗೆ ಬಂದು ಮುಟ್ಟಿದರೆ ಶೂ ಮುಗಿದಿದೆ. ಆಮೇಲೆ ಎಷ್ಟು ಟೈಟ್ ಮಾಡಿದರೂ ಪ್ರಯೋಜನವಿಲ್ಲ.

ಸಲಾಕೆಯ ತುದಿಯೂ ಅದೇ ಕಥೆ ಹೇಳುತ್ತದೆ. ಹೊಸ ಶೂ ಹಾಕಿದಾಗ ನಟ್ಟು ಸಲಾಕೆಯ ತುದಿಯ ಹತ್ತಿರ ಇರುತ್ತದೆ. ಪ್ರತಿ ಸಲ ಟೈಟ್ ಮಾಡಿಸಿದಾಗಲೂ ಅದು ಒಳಗೆ ಸರಿಯುತ್ತದೆ, ಹಿಂದೆ ಖಾಲಿ ಎಳೆ ಉದ್ದವಾಗುತ್ತಾ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಆ ಖಾಲಿ ಎಳೆ ಉದ್ದಕ್ಕೆ ಕಾಣುತ್ತಿದ್ದರೆ ಇವತ್ತೇ ಗಾಲಿ ಬಿಚ್ಚಿಸಿ.

ಬಿಚ್ಚಿದಾಗ ಲೈನರಿನ ದಪ್ಪ ನೋಡಬೇಕು. ಹೊಸದು ಸುಮಾರು 4 ಮಿ.ಮೀ. ಇರುತ್ತದೆ, 2 ಮಿ.ಮೀ.ಗೆ ಬಂದರೆ ಬದಲಾಯಿಸುವುದು. ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ, ಎಲ್ಲಿ ತೆಳ್ಳಗಿದೆಯೋ ಅಲ್ಲಿಯದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಒಂದು ಮಳೆಗಾಲದಲ್ಲಿ ನನ್ನ ಗಾಡಿಯ ಹಿಂದಿನ ಗಾಲಿ ಕರಕರ ಎನ್ನುತ್ತಿತ್ತು. ಕೆಸರಿನ ಸದ್ದು ಎಂದುಕೊಂಡು ಹದಿನೈದು ದಿನ ಓಡಿಸಿದೆ. ಬಿಚ್ಚಿದಾಗ ಲೈನರ್ ಪೂರ್ತಿ ಹೋಗಿ ಶೂವಿನ ಲೋಹವೇ ಡ್ರಮ್ಮನ್ನು ಕೊರೆದಿತ್ತು. ಈ ಗಾಡಿಗಳಲ್ಲಿ ಡ್ರಮ್ ಅಂದರೆ ಗಾಲಿಯ ಹಬ್ಬೇ. ಅದು ಕೆಟ್ಟರೆ ಹಬ್ ಬದಲಿಸಿ ಕಡ್ಡಿಗಳನ್ನೆಲ್ಲ ಮತ್ತೆ ಕಟ್ಟಿಸಬೇಕು. ಕೆಲವು ನೂರು ರೂಪಾಯಿಯ ಶೂ ಉಳಿಸಲು ಹೋಗಿ ಅದರ ಹಲವು ಪಟ್ಟು ಖರ್ಚಾಯಿತು. ಆ ಹದಿನೈದು ದಿನ ಹಿಂದೆ ಮಗಳನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದೆ ಎಂಬುದು ನೆನಪಾದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಮುಂದಿನ ಡಿಸ್ಕ್: ಮೊಬೈಲಿನ ಬೆಳಕು ಸಾಕು

ಡಿಸ್ಕ್ ತಟ್ಟೆಯನ್ನು ಹಿಡಿದಿರುವ ಕ್ಯಾಲಿಪರ್ ಒಳಗೆ ಮೊಬೈಲ್ ಬೆಳಕು ಬಿಡಿ. ತಟ್ಟೆಯ ಎರಡೂ ಬದಿಗೆ ಪ್ಯಾಡ್ ಕಾಣುತ್ತದೆ. ಬೆನ್ನಿಗಿರುವುದು ಕಬ್ಬಿಣದ ಪಟ್ಟಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಟ್ಟೆಗೆ ಮುಟ್ಟುವ ಕಪ್ಪು ಭಾಗ ಮಾತ್ರ ಪ್ಯಾಡಿನ ಆಯುಸ್ಸು. ಈಗಿನ ಒಂದು ರೂಪಾಯಿ ನಾಣ್ಯದ ದಪ್ಪ ಸುಮಾರು ಒಂದೂವರೆ ಮಿ.ಮೀ., ಕಪ್ಪು ಭಾಗ ಅಷ್ಟಕ್ಕೆ ಇಳಿದಿದ್ದರೆ ಬದಲಾಯಿಸಿ. ಬಹಳಷ್ಟು ಪ್ಯಾಡುಗಳಲ್ಲಿ ಒಂದು ಗೀರು ಇರುತ್ತದೆ. ಆ ಗೀರು ಅಳಿಸಿಹೋಗುವಂತಾದರೆ ಅದೂ ಮುಗಿದ ಲಕ್ಷಣ.

ಎರಡೂ ಬದಿ ನೋಡುವುದನ್ನು ಮರೆಯಬೇಡಿ. ಹೊರಗಿನ ಪ್ಯಾಡ್ ದಪ್ಪಗಿದ್ದು ಒಳಗಿನದು ಲೋಹ ಮುಟ್ಟಿರುವುದನ್ನು ಬಹಳ ಸಲ ಕಂಡಿದ್ದೇನೆ. ಕ್ಯಾಲಿಪರ್ ಸರಿದಾಡುವ ಪಿನ್ನಿಗೆ ಮಣ್ಣು, ತುಕ್ಕು ಹಿಡಿದರೆ ಹೀಗಾಗುತ್ತದೆ. ಹಾಗಿದ್ದಾಗ ಬರೀ ಪ್ಯಾಡ್ ಹಾಕಿ ಕಳಿಸಿದರೆ ಹೊಸದೂ ಹಾಗೆಯೇ ಸವೆಯುತ್ತದೆ. ಪಿನ್ ಸ್ವಚ್ಛ ಮಾಡಿಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸಿ.

ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲೂ ಒಂದು ಸೂಚನೆ ಇದೆ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನಾಗಿ ಕೆಳಗಿಳಿಯುತ್ತದೆ. ಕಡಿಮೆ ಕಂಡ ಕೂಡಲೇ ಮೇಲಕ್ಕೆ ತುಂಬಿಸಬೇಡಿ, ಮೊದಲು ಪ್ಯಾಡ್ ನೋಡಿ. ಪ್ಯಾಡ್ ಚೆನ್ನಾಗಿದ್ದೂ ಆಯಿಲ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಗಾಡಿ ಓಡಿಸಬಾರದು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕಬೇಕು. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಪೂರ್ತಿ ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಎರೆ ಮಣ್ಣು, ಮುರುಮ, ಡೀಸೆಲ್

ಔರಾದ ಕಡೆಯ ಎರೆ ಮಣ್ಣು ಮಳೆಗೆ ಅಂಟಾಗಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಳ್ಳುತ್ತದೆ. ಹೊಲದ ದಾರಿಯಲ್ಲಿ ಅದು ಡ್ರಮ್ಮಿನ ಸಂದಿಯೊಳಗೂ ಇಳಿಯುತ್ತದೆ. ಬೇಸಿಗೆಯಲ್ಲಿ ಮುರುಮ ದೂಳು ಒಳಸೇರಿ ಪಾಲಿಶ್ ಪೇಪರಿನಂತೆ ಲೈನರನ್ನು ತಿಕ್ಕುತ್ತದೆ. ಹೊಲಕ್ಕೆ ಹೋಗಿಬರುವ ಗಾಡಿಗಳ ಡ್ರಮ್ಮನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಸ್ವಚ್ಛ ಮಾಡಿಸಲೇಬೇಕು. ಹಳ್ಳದ ನೀರು ದಾಟಿದ ಮೇಲೆ ನಿಧಾನ ಓಡಿಸುತ್ತಾ ಎರಡೂ ಬ್ರೇಕನ್ನು ಹಗುರಾಗಿ ಕೆಲವು ಸಲ ಹಿಡಿದು ಬಿಡಿ, ಶಾಖಕ್ಕೆ ಲೈನರ್ ಒಣಗುತ್ತದೆ.

ಗಾಡಿ ತೊಳೆದ ಮೇಲೆ ಹೊಳಪಿಗೆಂದು ಡೀಸೆಲ್ ಹೊಡೆಯುವ ರೂಢಿಯನ್ನು ದಯವಿಟ್ಟು ಬಿಡಿಸಿ. ಆ ಎಣ್ಣೆಯ ಒಂದು ತೆಳು ಪದರ ಡಿಸ್ಕಿನ ಮೇಲೆ ಬಿದ್ದರೂ ಪ್ಯಾಡ್ ಅದನ್ನು ಹೀರುತ್ತದೆ. ಎಣ್ಣೆ ಕುಡಿದ ಪ್ಯಾಡ್ ಎಷ್ಟು ದಪ್ಪವಿದ್ದರೂ ಹಿಡಿಯುವುದಿಲ್ಲ, ತೊಳೆದರೂ ಸರಿಹೋಗುವುದಿಲ್ಲ, ಬದಲಾಯಿಸಬೇಕು.

ಬದಲಾಯಿಸುವಾಗ ಎದುರಿಗೇ ನಿಲ್ಲಿ

ಅಂಗಡಿಯಲ್ಲಿ ಗಾಡಿಯ ಮಾಡೆಲ್ ಜೊತೆಗೆ ವರ್ಷವನ್ನೂ ಹೇಳಿ, ಆರ್‌ಸಿಯ ಫೋಟೊ ತೋರಿಸಿದರೆ ಇನ್ನೂ ಒಳ್ಳೆಯದು. ಒಂದೇ ಹೆಸರಿನ ಗಾಡಿಗೆ ವರ್ಷ ಬದಲಾದಂತೆ ಪ್ಯಾಡೂ ಬದಲಾಗಿರುತ್ತದೆ. ಪ್ಯಾಡ್ ಆಗಲಿ ಶೂ ಆಗಲಿ ಜೋಡಿಯಾಗಿಯೇ ಹಾಕಬೇಕು. ಶೂವಿನ ಸ್ಪ್ರಿಂಗ್ ಸಡಿಲಾಗಿದ್ದರೆ ಅದನ್ನೂ ಹೊಸದು ಹಾಕಿಸಿ.

ಗಾಲಿ ಬಿಚ್ಚಿದಾಗ ಡ್ರಮ್ಮಿನ ದೂಳನ್ನು ಗಾಳಿ ಪೈಪಿನಿಂದ ಊದಲು ಬಿಡಬೇಡಿ, ಬಾಯಿಂದಂತೂ ಊದಲೇಬೇಡಿ. ಹಿಂದೆ ಲೈನರಿನಲ್ಲಿ ಕಲ್ನಾರು ಬಳಸುತ್ತಿದ್ದರು, ಆ ನಾರು ಪುಪ್ಪುಸಕ್ಕೆ ಮಾರಕ. ಇಂದಿನ ದೂಳೂ ಒಳ್ಳೆಯದಲ್ಲ. ದಿನವಿಡೀ ಅದರ ನಡುವೆ ಕೂರುವವರು ಗ್ಯಾರೇಜಿನ ಹುಡುಗರು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಶೂಗಳನ್ನು ಅಗಲಿಸುವ ಕ್ಯಾಮಿಗೆ ಬೆರಳ ತುದಿಯಷ್ಟು ಗ್ರೀಸ್ ಹಚ್ಚಬೇಕು, ಹೆಚ್ಚಾದರೆ ಕರಗಿ ಲೈನರಿಗೆ ಇಳಿಯುತ್ತದೆ. ಗ್ರೀಸ್ ಕೈಯಲ್ಲಿ ಹೊಸ ಲೈನರ್ ಮುಟ್ಟಬಾರದು. ಜೋಡಿಸಿದ ಮೇಲೆ ಪೆಡಲ್ ಎರಡು-ಮೂರು ಸೆಂ.ಮೀ. ಕೆಳಗಿಳಿದ ನಂತರ ಬ್ರೇಕ್ ಹಿಡಿಯಬೇಕು, ಗಾಲಿ ಕೈಯಲ್ಲಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ಸಿಬಿಎಸ್ ಗಾಡಿಯ ಹೊಂದಾಣಿಕೆ ಬೇರೆ, ಅದನ್ನು ತಿಳಿದವರಿಂದಲೇ ಮಾಡಿಸಿ.

ಡಿಸ್ಕ್ ಪ್ಯಾಡ್ ಹಾಕುವಾಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. ಆಗ ಡಬ್ಬಿಯ ಆಯಿಲ್ ಮೇಲಕ್ಕೆ ಬರುತ್ತದೆ. ಮೊದಲೇ ತುಂಬಿಸಿಟ್ಟಿದ್ದರೆ ಉಕ್ಕಿ ಟ್ಯಾಂಕಿನ ಬಣ್ಣ ಸುಡುತ್ತದೆ, ಆದ್ದರಿಂದ ಸುತ್ತ ಬಟ್ಟೆ ಸುತ್ತಿಟ್ಟುಕೊಳ್ಳಿ. ಕೆಲಸ ಮುಗಿದ ಕೂಡಲೇ ಗಾಡಿ ಚಾಲೂ ಮಾಡಬೇಡಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಹಿಡಿತಕ್ಕೆ ಬ್ರೇಕ್ ಇರುವುದೇ ಇಲ್ಲ. ನಿಂತಲ್ಲೇ ಲಿವರನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಹಿಂಡಿ. ಗ್ಯಾರೇಜಿನಿಂದ ನೇರ ರಸ್ತೆಗೆ ಇಳಿದು ಎದುರಿನ ಗಾಡಿಗೆ ಗುದ್ದುವುದು ಈ ಒಂದು ಮರೆವಿನಿಂದಲೇ.

ಹೊಸ ಲೈನರ್ ಡ್ರಮ್ಮಿಗೋ ಡಿಸ್ಕಿಗೋ ಪೂರ್ತಿ ಕೂರಲು 200-300 ಕಿ.ಮೀ. ಬೇಕು. ಖಾಲಿ ರಸ್ತೆಯಲ್ಲಿ 40ರ ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸುವುದನ್ನು ಹತ್ತು-ಹದಿನೈದು ಸಲ ಮಾಡಿ, ನಡುನಡುವೆ ಆರಲು ಬಿಡಿ. ಅಷ್ಟು ದಿನ ಕ್ಯಾನು, ಚೀಲ ಹೇರಬೇಡಿ, ಮುಂದಿನ ಗಾಡಿಯಿಂದ ಹೆಚ್ಚು ಅಂತರ ಇರಲಿ. ಸೈಡ್ ಪ್ಯಾನೆಲ್ ತೆಗೆದು ಅದರ ಒಳಬದಿಯಲ್ಲಿ ಮಾರ್ಕರಿನಿಂದ ತಾರೀಖು, ಮೀಟರಿನ ಅಂಕಿ ಬರೆದಿಡಿ. ಅಲ್ಲಿಂದ 5,000 ಕಿ.ಮೀ. ಆದಾಗ ಒಮ್ಮೆ ಬಾಣ ನೋಡಿ, ಮೊಬೈಲ್ ಬೆಳಕು ಬಿಡಿ. ಮುಂದಿನ ಸಲ ಬದಲಾಯಿಸುವ ಹೊತ್ತಿಗೆ ನಿಮ್ಮ ದಾರಿಯಲ್ಲಿ, ನಿಮ್ಮ ಭಾರಕ್ಕೆ ಲೈನರ್ ಎಷ್ಟು ಬಂತು ಎಂಬ ಲೆಕ್ಕ ನಿಮ್ಮ ಗಾಡಿಯಲ್ಲೇ ಬರೆದಿರುತ್ತದೆ.