ಕಬ್ಬಿನಿಂದ ಸಕ್ಕರೆಗೆ: ಪ್ರಕ್ರಿಯಾತಂತ್ರದ ಪರಿಚಯ

ವ್ಯಾಕರಣಶಾಸ್ತ್ರದಲ್ಲಿ ಪ್ರಕೃತಿಗೆ ಪ್ರತ್ಯಯ ಸೇರಿ ಪದವು ಸಿದ್ಧವಾಗುವ ಕ್ರಮಕ್ಕೆ ‘ಪ್ರಕ್ರಿಯೆ’ ಎಂದು ಹೆಸರು. ಸೂತ್ರಗಳೆಲ್ಲ ಸರಿಯಿದ್ದೂ ಅವು ಪ್ರವರ್ತಿಸುವ ಕ್ರಮ ತಪ್ಪಿದರೆ ಅಪಶಬ್ದವೇ ಹುಟ್ಟುತ್ತದೆ. ಕೈಗಾರಿಕೆಯ ಪ್ರಕ್ರಿಯಾತಂತ್ರವೂ ಇಂಥದೇ. ಕಚ್ಚಾ ಪದಾರ್ಥವು ಯಾವ ಹಂತದಲ್ಲಿ, ಎಷ್ಟು ಕಾವಿನಲ್ಲಿ, ಎಷ್ಟು ಹೊತ್ತು, ಯಾವುದರೊಡನೆ ಕೂಡಿ ಮುಂದಿನ ರೂಪವನ್ನು ತಾಳಬೇಕೆಂಬುದನ್ನು ಅದು ನಿಶ್ಚಯಿಸುತ್ತದೆ. ಯಂತ್ರವನ್ನು ನಿರ್ಮಿಸುವ ವಿದ್ಯೆ ಬೇರೆ, ಇದು ಬೇರೆ.

ಬಸವಕಲ್ಯಾಣ, ಹುಮನಾಬಾದ ಸೀಮೆಯವರು ಇದರ ನಿದರ್ಶನಕ್ಕಾಗಿ ದೂರ ಹೋಗಬೇಕಾದುದಿಲ್ಲ. ಆಲೆಮನೆಯ ಕೊಪ್ಪರಿಗೆ ಇಲ್ಲಿ ಪರಿಚಿತವೇ. ಹುಮನಾಬಾದ ತಾಲೂಕಿನ ಹಳ್ಳಿಖೇಡದಲ್ಲಿ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದ ಮೇಲೆ ಕಬ್ಬಿನ ಇನ್ನೊಂದು ಗತಿಯೂ ಕಣ್ಣಿಗೆ ಬಿದ್ದಿತು.

ಆಲೆಮನೆಯಲ್ಲಿ ಎಲ್ಲವೂ ತೆರೆದ ಕೊಪ್ಪರಿಗೆಯಲ್ಲಿ ನಡೆಯುತ್ತದೆ. ಸುಣ್ಣದ ತಿಳಿ, ಬೆಂಡೆಗಿಡದ ಲೋಳೆ ಬೆರೆಸಿ ಮಡ್ಡಿ ತೆಗೆಯುವರು. ಕಾವು ಸುಮಾರು 118 ಡಿಗ್ರಿ ಸೆಂಟಿಗ್ರೇಡಿಗೆ ಏರುವಾಗ ಪಾಕ ಬಂದಿತೆಂಬುದನ್ನು ಅನುಭವಿಯ ಕಣ್ಣೇ ಹೇಳುತ್ತದೆ. ಬೆಲ್ಲದಲ್ಲಿ ಕಾಕಂಬಿಯ ಅಂಶವೂ ಉಳಿಯುತ್ತದೆ. ಸಕ್ಕರೆಯಲ್ಲಿ ಹಾಗಲ್ಲ. ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಹರಳು, ಮರಳು ಎಂಬ ಅರ್ಥವೇ ಇರುವುದರಿಂದ, ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವುದೇ ಇಲ್ಲಿಯ ಗುರಿಯೆಂದು ಹೆಸರೇ ಸಾರುತ್ತದೆ.

ಕಬ್ಬಿನ ಹಾಲು ಸ್ವಭಾವತಃ ಆಮ್ಲೀಯ. ಹಾಗೆಯೇ ಕುದಿಸಿದರೆ ಸುಕ್ರೋಸು ಗ್ಲೂಕೋಸು, ಫ್ರುಕ್ಟೋಸುಗಳಾಗಿ ಒಡೆಯುತ್ತದೆ. ಒಡೆದುದು ಮರಳಿ ಸಕ್ಕರೆಯ ಹರಳಾಗದು. ಸುಣ್ಣ ಅತಿಯಾದರೆ ರಸ ಕಪ್ಪಿಡುತ್ತದೆ. ಆದುದರಿಂದ ಸುಣ್ಣದ ಹಾಲನ್ನೂ ಗಂಧಕದ ಧೂಮವನ್ನೂ ಹದವರಿತು ಕೂಡಿಸಿ, ರಸವನ್ನು ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸ್ಥಿತಿಗೆ ತಂದು, ಕಾಯಿಸಿ, ಮಡ್ಡಿಯನ್ನು ತಳಕ್ಕೆ ಇಳಿಸುತ್ತಾರೆ.

ಮುಂದಿನದು ನೀರಿನ ಲೆಕ್ಕ. 100 ಟನ್ ತಿಳಿರಸದಲ್ಲಿ 15 ಟನ್ ಘನಾಂಶವಿದೆ ಎನ್ನೋಣ. ಅದನ್ನು ಶೇಕಡಾ 60ರ ಪಾಕವಾಗಿಸಲು 75 ಟನ್ ನೀರನ್ನು ಆವಿಯಾಗಿಸಬೇಕು. ಒಂದೇ ಪಾತ್ರೆಯಾದರೆ ಹೆಚ್ಚುಕಡಿಮೆ ಅಷ್ಟೇ ಹಬೆ ಬೇಕು. ಅಮೆರಿಕದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಹಕ್ಕುಪತ್ರ ಪಡೆದ ಉಪಾಯದಲ್ಲಿ ಮೊದಲ ಪಾತ್ರೆಯ ಆವಿಯೇ ಎರಡನೆಯದನ್ನು ಕಾಯಿಸುತ್ತದೆ. ಒತ್ತಡವು ಪಾತ್ರೆಯಿಂದ ಪಾತ್ರೆಗೆ ಇಳಿಯುವುದರಿಂದ ಕಡಿಮೆ ಕಾವಿಗೂ ರಸ ಕುದಿಯುತ್ತದೆ. ನಾಲ್ಕು ಪಾತ್ರೆಗಳಿದ್ದರೆ ಸುಮಾರು 19 ಟನ್ ಹಬೆ ಸಾಕು! ಆ ಹಬೆಗೆ ಉರುವಲು ಕಬ್ಬಿನ ಸಿಪ್ಪೆಯೇ. ಕೊನೆಗೆ ನಿರ್ವಾತ ಪಾತ್ರೆಯಲ್ಲಿ 65 ಡಿಗ್ರಿಯ ಆಸುಪಾಸಿನಲ್ಲಿ ಕುದಿದು ಹರಳುಗಟ್ಟಿದ ಪಾಕವನ್ನು ಗಿರ್ರನೆ ತಿರುಗುವ ಜಾಲರಿಯಲ್ಲಿ ಹಾಕಿದಾಗ ಕಾಕಂಬಿ ಹೊರಸಿಡಿಯುತ್ತದೆ.

ಆದರೆ ಪ್ರಕ್ರಿಯೆಯ ಮೊದಲ ಹಂತ ಕಾರ್ಖಾನೆಯ ಒಳಗಿಲ್ಲ, ಹೊಲದಲ್ಲಿದೆ. ಕಬ್ಬಿಗೆ ಕೊಡಲಿ ಬಿದ್ದ ಕ್ಷಣದಿಂದಲೇ ಸುಕ್ರೋಸು ಒಡೆಯತೊಡಗುತ್ತದೆ. ಗೇಟಿನ ಮುಂದೆ ಗಾಡಿ ಬಿಸಿಲಿನಲ್ಲಿ ಎರಡು ದಿನ ನಿಂತರೆ ಕಬ್ಬಿನ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ತೂಕದ ನಷ್ಟ ರೈತನದು. ಕೇಂದ್ರ ಸರಕಾರ ಗೊತ್ತುಪಡಿಸುವ ಕಬ್ಬಿನ ದರ ಸಕ್ಕರೆಯ ಇಳುವರಿಗೆ ಹೊಂದಿಕೊಂಡಿರುವುದರಿಂದ ಎರಡನೆಯ ನಷ್ಟದ ಪಾಲೂ ಅವನಿಗೇ ತಟ್ಟುತ್ತದೆ. ಹೀಗಾಗಿ ಯಾವ ಹೊಲದ ಕಬ್ಬು ಯಾವ ದಿನ ಕಡಿಯಬೇಕೆಂಬ ಪಾಳಿಯ ಪಟ್ಟಿಯೂ ಸುಣ್ಣದ ಹದದಷ್ಟೇ ಈ ಶಾಸ್ತ್ರದ ವಿಷಯ.