ಐಸಿಯು ಬಾಗಿಲಲ್ಲಿ ಬೇಕಾಗುವಷ್ಟು ಇಂಗ್ಲಿಷ್

ಪ್ರಶ್ನೆ: ನನ್ನ ಸೋದರಮಾವ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ. ನ್ಯುಮೋನಿಯಾ ಎಂದು ಸೇರಿಸಿದ್ದು, ಈಗ ವೆಂಟಿಲೇಟರ್ ಹಾಕಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ, ಮದುವೆ ಮಾಡಿಕೊಟ್ಟವರು ಅವರೇ. ಅವರ ಮಗ ಅಮೆರಿಕದಲ್ಲಿದ್ದಾನೆ. ಅತ್ತೆಗೆ ದಿಕ್ಕೇ ತೋಚುತ್ತಿಲ್ಲ. ಹೀಗಾಗಿ ಡಾಕ್ಟರ ಮುಂದೆ ನಿಲ್ಲುವವಳು ನಾನೇ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಡಾಕ್ಟರು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಹೇಳಿ ಹೋಗುತ್ತಾರೆ, ನಾನು ತಲೆಯಾಡಿಸುತ್ತೇನೆ. ರಾತ್ರಿ ಮಾವನ ಮಗ ಫೋನ್ ಮಾಡಿ ಕೇಳಿದರೆ ಹೇಳಲು ಬರುವುದಿಲ್ಲ. ‘ಇಂಗ್ಲಿಷ್ ಬರೋರು ಯಾರರೆ ಹೋಗ್ಲಿ’ ಎಂದು ಸಂಬಂಧಿಕರೊಬ್ಬರು ಅಂದದ್ದು ಮನಸ್ಸಿಗೆ ಚುಚ್ಚಿದೆ. ಯಾವ ಯಾವ ಪದ ಕಲಿಯಲಿ?
ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಬೇರೆ ಯಾರೂ ಬೇಡ, ನೀವೇ ಹೋಗಿ. ಮಾವನಿಗೆ ಜ್ವರ ಹತ್ತಿದ್ದು ಯಾವ ದಿನ, ಮನೆಯಲ್ಲಿ ಯಾವ ಮಾತ್ರೆ ನುಂಗುತ್ತಿದ್ದರು, ಯಾವ ಔಷಧಿ ಅವರಿಗೆ ಒಗ್ಗುವುದಿಲ್ಲ ಎಂಬುದು ಹತ್ತಿರದಿಂದ ನೋಡಿದವರಿಗೇ ಗೊತ್ತಿರುತ್ತದೆ. ಡಾಕ್ಟರಿಗೆ ಬೇಕಾದದ್ದೂ ಅದೇ.

ತಲೆಯಾಡಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ನೀವು ತಲೆಯಾಡಿಸಿದರೆ ಅರ್ಥವಾಯಿತು ಎಂದುಕೊಂಡು ಅವರು ಮುಂದಿನ ಹಾಸಿಗೆಗೆ ಹೋಗುತ್ತಾರೆ. ‘ಡಾಕ್ಟ್ರೇ, ಅರ್ಥ ಆಗ್ಲಿಲ್ಲ, ಕನ್ನಡದಲ್ಲಿ ಹೇಳಿ’ ಎನ್ನಿ. ಇದರಲ್ಲಿ ಸಂಕೋಚ ಬೇಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಕಾಯಿಲೆ ಏನು, ಚಿಕಿತ್ಸೆ ಏನು, ಅಪಾಯ ಏನು ಎಂಬುದನ್ನು ರೋಗಿಯ ಕಡೆಯವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಅದನ್ನು ಜಾರಿಗೆ ತನ್ನಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲೇ ರಾಜ್ಯಗಳಿಗೆ ಬರೆದಿದೆ. ಡಾಕ್ಟರಿಗೆ ಕನ್ನಡ ಬರದಿದ್ದರೆ, ಕನ್ನಡ ಬಲ್ಲ ಕಿರಿಯ ವೈದ್ಯರನ್ನೋ ಸಿಸ್ಟರನ್ನೋ ಜೊತೆಗೆ ಕರೆಸಲು ಕೇಳಿ.

ಇನ್ನು ಪದಗಳು. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ‘ಸ್ಟೇಬಲ್’. ಇದನ್ನು ಕೇಳಿದ ಕೂಡಲೇ ಊರಿಗೆ ಫೋನ್ ಹೋಗುತ್ತದೆ, ಹುಷಾರಾಗುತ್ತಿದ್ದಾರಂತೆ ಎಂದು. ಅದರ ಅರ್ಥ ಅಷ್ಟಿಲ್ಲ. ನಿನ್ನೆ ಇದ್ದಂತೆಯೇ ಇದ್ದಾರೆ, ನಾಡಿ, ಬಿಪಿ, ಆಮ್ಲಜನಕ ಹದದಲ್ಲಿ ನಿಂತಿವೆ ಎಂದಷ್ಟೇ. ಅವು ನಿಂತಿರುವುದು ಯಂತ್ರ ಮತ್ತು ಔಷಧಿಯ ಬಲದಿಂದಲೂ ಇರಬಹುದು. ‘ಕ್ರಿಟಿಕಲ್ ಬಟ್ ಸ್ಟೇಬಲ್’ ಎಂದರೆ ಅಪಾಯ ಕಳೆದಿಲ್ಲ, ಹೆಚ್ಚಿಯೂ ಇಲ್ಲ. ಆದ್ದರಿಂದ ‘ಸ್ಟೇಬಲ್’ ಎಂದೊಡನೆ ನೀವು ಕೇಳಬೇಕಾದದ್ದು: ‘ಸಪೋರ್ಟ್ ನಿನ್ನೆಗಿಂತ ಕಡಿಮೆ ಆಗಿದೆಯಾ?’ ಸಪೋರ್ಟ್ ಎಂದರೆ ಆ ಯಂತ್ರ, ಔಷಧಿಯ ಆಸರೆ. ಆಮ್ಲಜನಕವನ್ನೇ ತೆಗೆದುಕೊಳ್ಳಿ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇ 21ರಷ್ಟು. ವೆಂಟಿಲೇಟರ್ ಶೇ 100ರವರೆಗೂ ಕೊಡಬಲ್ಲದು. ನಿನ್ನೆ ಶೇ 70 ಕೊಡುತ್ತಿದ್ದವರು ಇವತ್ತು 50ಕ್ಕೆ ಇಳಿಸಿದ್ದಾರೆ, ಆದರೂ ರಕ್ತದಲ್ಲಿನ ಆಮ್ಲಜನಕ, ಅಂದರೆ ‘ಸ್ಯಾಚುರೇಶನ್’ ಇಳಿದಿಲ್ಲ ಎಂದಾದರೆ ಶ್ವಾಸಕೋಶ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಈ ಎರಡು ಅಂಕಿಗಳನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ರಾತ್ರಿ ಫೋನ್ ಬಂದಾಗ ಓದಿ ಹೇಳಿದರೆ ಸಾಕು.

ಮಾವ ಕಣ್ಣು ಬಿಡುತ್ತಿಲ್ಲ ಎಂದು ನೀವು ಹೆದರಿರಬಹುದು. ಗಂಟಲೊಳಗಿನ ನಳಿಕೆಯನ್ನು ಸಹಿಸಿಕೊಳ್ಳಲೆಂದು ಮಂಪರು ಔಷಧಿ ಕೊಟ್ಟಿರುತ್ತಾರೆ. ಅದು ‘ಸೆಡೇಶನ್’. ಪ್ರಜ್ಞೆ ತಪ್ಪಿದ್ದಾರೆಂದು ತೀರ್ಮಾನಿಸುವ ಮುನ್ನ ಅದನ್ನು ಕೇಳಿಕೊಳ್ಳಿ. ‘ಸೆಪ್ಸಿಸ್’ ಎಂದರೆ ಸೋಂಕಿನ ಎದುರು ಹೋರಾಡುತ್ತ ದೇಹ ತನ್ನ ಅಂಗಗಳಿಗೇ ಹಾನಿ ಮಾಡಿಕೊಳ್ಳುತ್ತಿರುವ ಸ್ಥಿತಿ. ಈ ಮಾತು ಬಂದರೆ ಮೂತ್ರ ಎಷ್ಟು ಹೋಗುತ್ತಿದೆ, ‘ಕ್ರಿಯಾಟಿನಿನ್’ ಏರುತ್ತಿದೆಯೇ ಎಂದು ವಿಚಾರಿಸಿ. ಮೂತ್ರಪಿಂಡದ ಗತಿ ಅದರಲ್ಲಿ ತಿಳಿಯುತ್ತದೆ. ವೆಂಟಿಲೇಟರನ್ನು ಹಂತಹಂತವಾಗಿ ಬಿಡಿಸುವುದು ‘ವೀನಿಂಗ್’. ವೆಂಟಿಲೇಟರ್ ಬಹಳ ದಿನ ಬೇಕಾಗುವಂತಿದ್ದರೆ ಕುತ್ತಿಗೆಯಲ್ಲಿ ಸಣ್ಣ ರಂಧ್ರ ಮಾಡಿ ನಳಿಕೆ ಇಡುವ ‘ಟ್ರೇಕಿಯಾಸ್ಟಮಿ’ಯ ಮಾತು ಬರಬಹುದು. ಕೇಳಿದವರು ಕಂಗಾಲಾಗುತ್ತಾರೆ, ಆದರೆ ಅದು ಕಡೆಗಾಲದ ಸೂಚನೆಯಲ್ಲ. ಚೇತರಿಸಿಕೊಂಡವರಿಗೆ ನಳಿಕೆ ತೆಗೆದ ಮೇಲೆ ರಂಧ್ರ ಮುಚ್ಚಿಕೊಳ್ಳುವುದುಂಟು.

‘ಪ್ರೊಗ್ನೋಸಿಸ್’ ಎಂಬುದನ್ನು ಡಾಕ್ಟರುಗಳು ದನಿ ತಗ್ಗಿಸಿ ಹೇಳುತ್ತಾರೆ. ಮುಂದೇನಾಗಬಹುದು ಎಂಬ ಅಂದಾಜು ಅದು. ‘ಗಾರ್ಡೆಡ್’ ಎಂದರೆ ಈಗಲೇ ಭರವಸೆ ಕೊಡಲಾಗದು. ‘ಪೂರ್’ ಎಂದರೆ ಉಳಿಯುವ ಆಸೆ ಕಡಿಮೆ. ಆ ಮಾತು ಕಿವಿಗೆ ಬಿದ್ದ ದಿನ ನೀವೊಬ್ಬರೇ ಅದನ್ನು ಹೊತ್ತುಕೊಂಡು ಕೂರಬೇಡಿ. ಡಾಕ್ಟರ ಒಪ್ಪಿಗೆ ಕೇಳಿ, ಅವರೆದುರೇ ಮಗನಿಗೆ ವಿಡಿಯೋ ಕರೆ ಮಾಡಿ, ನೇರವಾಗಿ ಮಾತಾಡಲಿ. ಅವನು ಅಲ್ಲಿ ಮಧ್ಯರಾತ್ರಿಯಲ್ಲಿ ಏಳಬೇಕಾದರೂ ಏಳಲಿ, ಅದು ಅವನ ಪಾಲಿನ ಕೆಲಸ. ಉಳಿದ ದಿನ ಗೊತ್ತಾಗದ ಪದವನ್ನು ಚೀಟಿಯಲ್ಲಿ ಬರೆಸಿಕೊಂಡು, ಫೋಟೊ ತೆಗೆದು ಕಳಿಸಿ.

ಸಹಿಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. ‘ಕನ್ಸೆಂಟ್’ ಎಂದು ಕಾಗದ ಮುಂದಿಟ್ಟರೆ, ಏನು ಮಾಡುತ್ತಾರೆ, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂಬ ನಾಲ್ಕಕ್ಕೂ ಉತ್ತರ ಪಡೆಯಿರಿ. ಇವಿಷ್ಟನ್ನೂ ತಿಳಿಸಿ ಪಡೆದದ್ದೇ ನಿಜವಾದ ಸಮ್ಮತಿ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಸಹಿಯನ್ನು ಅತ್ತೆ ಹಾಕಲಿ. ಕಾಗದದಲ್ಲಿ ಏನಿದೆ ಎಂದು ಅವರಿಗೆ ತಿಳಿಸುವ ಹೊಣೆ ನಿಮ್ಮದು.

ಸಿಸ್ಟರ್‌ಗೆ ಕನ್ನಡ ಬರದಿದ್ದರೆ ‘ಸಿಸ್ಟರ್, ಬೆಟರ್, ಸೇಮ್ ಆರ್ ವರ್ಸ್?’ ಎಂದು ಕೇಳಿ. ಸುಧಾರಿಸಿದ್ದಾರೆಯೇ, ಹಾಗೇ ಇದ್ದಾರೆಯೇ, ಕೆಟ್ಟಿದೆಯೇ ಎಂಬುದಕ್ಕೆ ಒಂದು ಪದದ ಉತ್ತರ ಬರುತ್ತದೆ.

ಮಾವನ ಹತ್ತಿರ ನಿಂತಾಗ ನಿಮ್ಮ ಕಡೆಯ ಕನ್ನಡದಲ್ಲೇ ಮಾತಾಡಿ. ‘ಮಾಮಾ, ನಾ ಬಂದೀನಿ, ಇವತ್ತ ಸೋಮವಾರ, ನೀವು ದವಾಖಾನ್ಯಾಗ ಅದೀರಿ’ ಎಂದು ದಿನವೂ ಹೇಳಿ. ಮಂಪರು ಇಳಿಯುವಾಗ ವಯಸ್ಸಾದವರು ಗಲಿಬಿಲಿಗೊಂಡು ಮನೆಯವರನ್ನೇ ಗುರುತು ಹಿಡಿಯದಿರುವುದು, ನಳಿಕೆ ಕೀಳಲು ನೋಡುವುದು ಸಾಮಾನ್ಯ. ಇದನ್ನು ‘ಡೆಲಿರಿಯಮ್’ ಎನ್ನುತ್ತಾರೆ. ಬಹುತೇಕರಲ್ಲಿ ಕಾಲಕ್ರಮೇಣ ತಿಳಿಯಾಗುತ್ತದೆ. ಪರಿಚಿತ ದನಿ, ತಾನು ಎಲ್ಲಿದ್ದೇನೆ ಎಂಬ ತಿಳಿವಳಿಕೆ, ಕಣ್ಣು ಕಿವಿ ಸರಿಯಾಗಿ ಕೆಲಸ ಮಾಡುವುದು ಆಗ ಬಹಳ ನೆರವಾಗುತ್ತವೆ. ಮಾವನ ಕನ್ನಡಕವನ್ನು, ಕಿವಿಯ ಯಂತ್ರ ಬಳಸುತ್ತಿದ್ದರೆ ಅದನ್ನೂ, ಊರಿನಿಂದ ಈಗಲೇ ತರಿಸಿಡಿ. ಅತ್ತೆಯನ್ನೂ ದಿನಕ್ಕೊಮ್ಮೆಯಾದರೂ ಒಳಗೆ ಕರೆದುಕೊಂಡು ಹೋಗಿ.