ತಗಡೂರಿನ ಕಲ್ಲುಗಳು ಹೇಳುವ ಪಾಠ



ಉಪದೇಶ ತರಗತಿಯಲ್ಲಿ ಮಕ್ಕಳು ಆಗಾಗ ಕೇಳುತ್ತಾರೆ: "ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಹಾಗಾದರೆ ನಾವು ಹೊರಗಿನಿಂದ ಬಂದವರೇ?" ಈ ತಿಂಗಳು ನಮ್ಮ ಸೀಮೆಯ ಹಳೆಯ ಚರಿತ್ರೆಯಲ್ಲೇ ಉತ್ತರ ಹುಡುಕೋಣ.

ಪಾಲಮಲೆಯಿಂದ ಕೆಳಗೆ ನೋಡಿದರೆ ಮೆಟ್ಟೂರು ಅಣೆಕಟ್ಟಿನ ನೀರು ಕಾಣುತ್ತದೆ. ಅದು ಹೊಗೇನಕಲ್ಲಿನಲ್ಲಿ ಧುಮುಕಿ ಬಂದ ಕಾವೇರಿ. 'ಹೊಗೆ' ಕನ್ನಡದ ಮಾತು. 'ಕಲ್' ಎರಡೂ ಭಾಷೆಗಳ ಆಸ್ತಿ. ಆ ಜಲಪಾತ ಈಗ ಧರ್ಮಪುರಿ ಜಿಲ್ಲೆಯಲ್ಲಿದೆ. ಧರ್ಮಪುರಿ ಪಟ್ಟಣದ ಹಳೆಯ ಹೆಸರು ತಗಡೂರು.

ತಗಡೂರನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯನ್ನು ಸಂಘಕಾಲದ ತಮಿಳು ಕವಿಗಳು ಹಾಡಿದ್ದಾರೆ. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟವನು ಅವನೇ. ಜಂಬೈ ಎಂಬಲ್ಲಿ ಸಿಕ್ಕ ತಮಿಳು ಬ್ರಾಹ್ಮಿ ಶಾಸನ ಅವನನ್ನು 'ಸತಿಯಪುತೊ' ಎನ್ನುತ್ತದೆ. ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನದಲ್ಲೂ ಸತಿಯಪುತ್ರರ ಹೆಸರಿದೆ.

ಮುಂದೆ ನೊಳಂಬರ ಆಳ್ವಿಕೆ ಬಂತು. 893ರಲ್ಲಿ, ಮಹೇಂದ್ರ ನೊಳಂಬನ ಕಾಲದ ಕಂಬದ ಶಾಸನವೊಂದು, ನಿಧಿಯಣ್ಣ ಮತ್ತು ಚಂದಿಯಣ್ಣ ಎಂಬ ವರ್ತಕರ ಮಕ್ಕಳು ತಗಡೂರಿನಲ್ಲಿ ಜೈನ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಅದರ ಭಾಷೆ ಕನ್ನಡ. ಆಮೇಲೆ ರಾಜರಾಜ ಚೋಳನು ನೊಳಂಬಪಾಡಿಯನ್ನು ಗೆದ್ದನು. 13ನೇ ಶತಮಾನದಲ್ಲಿ ಕುಂದಾಣಿಯಿಂದ ಆಳಿದ ಹೊಯ್ಸಳ ರಾಮನಾಥ ಕನ್ನಡ ಮನೆತನದವನು. ಆದರೂ ಅವನು ತಮಿಳಿನಲ್ಲಿಯೂ ಶಾಸನ ಬರೆಸಿದನು. ಅರಸರು ಹೋದರು, ಗಡಿಗಳು ಸರಿದವು. ಎರಡು ಮಾತುಗಳೂ ಉಳಿದವು.

ಮಲೆ, ನದಿ, ದಾರಿ ಕೂಡುವ ಕಡೆ ಹೀಗಾಗುವುದು ಸಹಜ. ತ್ರೆಂತ್ ಮಹಾಸಭೆಯ ಹೆಸರನ್ನು ನಾವು ಕೇಳಿದ್ದೇವೆ. ಆ ಊರು ಆಲ್ಪ್ಸ್ ಪರ್ವತಗಳ ನಡುವೆ ಅದಿಜೆ ನದಿಯ ದಡದಲ್ಲಿದೆ. ಇಟಾಲಿಯನ್ ಮತ್ತು ಜರ್ಮನ್ ನಾಡುಗಳ ಮಧ್ಯೆ ಇದ್ದದ್ದರಿಂದಲೂ 1545ರಲ್ಲಿ ಮಹಾಸಭೆ ಅಲ್ಲಿ ಸೇರಿತು.

ನಮ್ಮ ಸೀಮೆಗೆ ಶುಭಸಂದೇಶ ತಂದವರೂ ಜನರ ಮಾತನ್ನೇ ಕಲಿತರು. 1623ರಲ್ಲಿ ಮಧುರೆಯಿಂದ ಸೇಲಂ ಕಡೆಗೆ ಬಂದ ರಾಬರ್ಟ್ ದೆ ನೊಬಿಲಿ ತಮಿಳಿನಲ್ಲಿ ಬೋಧಿಸಿದರು. ಅದೇ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಬೋಧಿಸಿದರು.

ಆದ್ದರಿಂದ ಮಕ್ಕಳಿಗೆ ಧೈರ್ಯವಾಗಿ ಹೇಳೋಣ: ನಿಮ್ಮ ಮಾತು ಈ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು, ನೆರೆಯವರ ಮಾತು ಇನ್ನೂ ಹಳೆಯದು. ಹಬ್ಬದ ಪೂಜೆಯಲ್ಲಿ ಯಾವ ಭಾಷೆಯ ಹಾಡು ಮೊದಲು ಎಂದು ಮನಸ್ತಾಪ ಬಂದರೆ, ತನ್ನ ಕೈಯ ನೆಲ್ಲಿಕಾಯಿಯನ್ನು ಕೊಟ್ಟ ಅರಸನನ್ನು ನೆನೆಯೋಣ.

ಮನೆಯಲ್ಲಿ ಮಾತನಾಡೋಣ:
1. ನಮ್ಮ ಊರ ಸುತ್ತಲಿನ ಯಾವ ಸ್ಥಳಗಳಿಗೆ ಕನ್ನಡದ ಹೆಸರಿದೆ? ಯಾವುದಕ್ಕೆ ತಮಿಳಿನ ಹೆಸರಿದೆ?
2. ನೆರೆಯವರ ಭಾಷೆಯ ಒಂದು ಪ್ರಾರ್ಥನೆ ನಮಗೆ ಬರುತ್ತದೆಯೇ?